ಹಕ್ಕಿ ಸರ್

ಬಸವಕಲ್ಯಾಣದ ಮಗ್ಗುಲ ನಾರಾಯಣಪುರದ ಹಳೆಯ ಶಿವಾಲಯದ ಹಿಂದಿನ ಓಣಿಯಲ್ಲಿ ಹೊತ್ತು ಮೂಡುವ ಮೊದಲೇ ಒಂದು ಸದ್ದು ಏಳುತ್ತದೆ. ಗುಬ್ಬಿಯದಲ್ಲ, ಗೊರವಂಕದ್ದಲ್ಲ, ಆ ಸೀಮೆಯ ಯಾವ ಹಕ್ಕಿಯದೂ ಅಲ್ಲ. ಎಳೆಮಗುವೊಂದು ರಬ್ಬರಿನ ಗೊಂಬೆಯನ್ನು ಮುಷ್ಟಿಯಲ್ಲಿ ಅದುಮಿ ಅದುಮಿ ಬಿಟ್ಟಂತೆ ಪ್ಯಾಂ, ಪ್ಯಾಂ ಎಂದು, ಮೊದಲು ಒಂದೇ ದನಿ, ಆಮೇಲೆ ಹಲವು ಕೂಡಿ. ಗುಡಿಗೆ ನೀರು ಹಾಕಲು ಬರುವ ಹೆಣ್ಣುಮಕ್ಕಳಿಗೆ ಅದು ರೂಢಿಯಾಗಿದೆ. ಹೊಸಬರು ಯಾರಾದರೂ ನಿಂತು ಕಿವಿಗೊಟ್ಟರೆ, "ಏನಿಲ್ರಿ, ಅಂಬಾದಾಸ ಸರ್ ಮನಿ ಹಕ್ಕಿ. ಆ ಮನ್ಯಾಗ ಹಕ್ಕಿ ಮಾತಾಡ್ತಾವ, ಸರ್ ಸುಮ್ಮ ಕೂಡ್ತಾರ," ಎಂದು ನಕ್ಕು ಕೊಡ ಹೊತ್ತು ಮುಂದೆ ಹೋಗುತ್ತಾರೆ.

ಹುಮನಾಬಾದಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಅಂಬಾದಾಸರಿಗೆ ಮಾತು ಉಗ್ಗುತ್ತದೆ. ಹಟ್ಟಿಯ ಸಂದಿನಲ್ಲಿ ಮೊದಲ ಕುರಿ ಅಡ್ಡ ನಿಂತರೆ ಹಿಂದಿನ ಹಿಂಡೆಲ್ಲ ಒತ್ತಿಕೊಂಡು ನಿಲ್ಲುವ ಹಾಗೆ, ಮೊದಲ ಅಕ್ಷರ ತುಟಿಯಲ್ಲಿ ಸಿಕ್ಕಿ, ಹೇಳಬೇಕಾದದ್ದೆಲ್ಲ ಗಂಟಲಿನಲ್ಲಿ ತುಂಬಿ, ಕಣ್ಣು ಒದ್ದೆಯಾಗುತ್ತದೆ. 'ಬ'ಕಾರ ಕಷ್ಟ, 'ದ'ಕಾರ ಅದಕ್ಕಿಂತ ಕಷ್ಟ. ಆದುದರಿಂದ ಅವರು ಬಸವಕಲ್ಯಾಣವನ್ನು ಎಂದೂ ಬಸವಕಲ್ಯಾಣವೆನ್ನದೆ ಕಲ್ಯಾಣ ಎನ್ನುತ್ತಾರೆ. ದೀಪವನ್ನು ಹಣತೆ ಎನ್ನುತ್ತಾರೆ, ದುಃಖವನ್ನು ಸಂಕಟ ಎನ್ನುತ್ತಾರೆ. ಒಂದೊಂದು ಮಾತಿಗೆ ಎರಡು ಮೂರು ಬದಲಿ ಮಾತು ಸದಾ ಕಿಸೆಯಲ್ಲಿಟ್ಟುಕೊಂಡು ತಿರುಗುವ ಈ ಮನುಷ್ಯನ ಕನ್ನಡ, ಉಗ್ಗು ಇಲ್ಲದವರ ಕನ್ನಡಕ್ಕಿಂತ ಸಂಪನ್ನವಾದದ್ದು ಹಾಗೆ. ಆ ಸಂಪತ್ತನ್ನು ಅವರು ಗಳಿಸಿದ್ದಲ್ಲ; ಓಡುತ್ತ ಓಡುತ್ತ, ಅಡಗಿಕೊಳ್ಳಲು ಜಾಗ ಹುಡುಕುತ್ತ ಕೂಡಿಸಿಕೊಂಡದ್ದು.

ನಡಿಗೆಯೂ ಅವರದೊಂದು ಬಗೆ. ಎಲ್ಲರಿಗಿಂತ ಹಿಂದೆ, ತುಸು ಓರೆಯಾಗಿ, ನಾಲ್ಕು ಹೆಜ್ಜೆಗೊಮ್ಮೆ ನಿಂತು ಹಿಂದೆ ನೋಡಿ ನಡೆಯುತ್ತಾರೆ. ತಂದೆ ಮಡೆಪ್ಪನ ಕುರಿಹಿಂಡಿನ ಹಿಂದೆ ಬೆಳೆದ ಕಾಲು ಅದು, ಹಿಂಡಿಲ್ಲದ ದಾರಿಯಲ್ಲೂ ಯಾವುದೋ ಮರಿ ಹಿಂದುಳಿದೀತೆಂದು ಕಾಯುತ್ತದೆ. ಮೈಮೇಲೆ ಬೇಸಿಗೆಯಲ್ಲೂ ಒಂದು ಕೋಟು. ದೂರದ ಊರಿನ ಸಂಶೋಧನಾಲಯದಲ್ಲಿದ್ದಾಗ ಕೊಟ್ಟದ್ದು. ಒಮ್ಮೆ ಬಿಳಿಯದಾಗಿದ್ದದ್ದು ಈಗ ಹಾಲು ಕಮ್ಮಿಯಾದ ಚಹದ ಬಣ್ಣಕ್ಕೆ ತಿರುಗಿದೆ. ಅದರ ಕಿಸೆಯಲ್ಲಿ ಸದಾ ನವಣೆಯ ಕಾಳು. ಪರೀಕ್ಷೆಯ ಹೊತ್ತಿಗೆ ಪೆನ್ನು ಕೇಳಿದರೆ ಪೆನ್ನಿನೊಂದಿಗೆ ನಾಲ್ಕು ನವಣೆಯೂ ಹುಡುಗರ ಅಂಗೈಗೆ ಬರುತ್ತದೆ.

ಹುಡುಗರು ಅವರನ್ನು ಹಕ್ಕಿ ಸರ್ ಎನ್ನುತ್ತಾರೆ. ಆ ಸೀಮೆಯ ದಖನಿಯಲ್ಲಿ ಉಗ್ಗುವವನಿಗೆ ಹಕ್ಲಾ ಎಂದು ಹೆಸರು. ಒಂದು ದಿನ ರತ್ನದೀಪನೆಂಬ ಹುಡುಗ ಬಾಗಿಲಲ್ಲಿ, "ಹಕ್ಕಿ ಸರ್ ಬಂದ್ರು, ನಡೀ ಒಳಗ," ಅಂದ. ಜೊತೆಗಿದ್ದ ಗೋವರ್ಧನ, "ಹಕ್ಕಿ ಅಲ್ಲಲೇ, ಹಕ್ಲಾ ಸರ್!" ಅಂದ. ಅಂಬಾದಾಸರು ಅವರ ಬೆನ್ನ ಹಿಂದೆಯೇ ಇದ್ದರು. ಒಳಗೆ ಹೋಗಿ, ಹಲಗೆಯ ಮೇಲೆ ಎರಡೂ ಮಾತುಗಳನ್ನು ಒಂದರ ಕೆಳಗೊಂದು ದುಂಡಗೆ ಬರೆದು, ಅಡಿಯಲ್ಲಿ 'ಎರಡೂ ಬರಾಬರಿ' ಎಂದು ಬರೆದು, ಕಪ್ಪೆಯ ರಕ್ತಪರಿಚಲನೆಯನ್ನು ಬರೆಯತೊಡಗಿದರು. ಗೋವರ್ಧನ ಆಮೇಲೆ ಅವರ ಪಾಠಕ್ಕೆ ಒಂದು ದಿನವೂ ತಪ್ಪಿಸಲಿಲ್ಲ.

ಅದೇ ಕಾಲೇಜಿನಲ್ಲಿ ಕನ್ನಡ ಕಲಿಸಲು ಹೊಸದಾಗಿ ಸೇರಿದ್ದ ಅನುರಾಧಾ, ಮೊದಮೊದಲು ಅವರನ್ನು ಸೊಕ್ಕಿನವರೆಂದೇ ತಿಳಿದಿದ್ದಳು. ಅವಳೂ ಕಲ್ಯಾಣದವಳು, ಬೆಳಿಗ್ಗೆ ಒಂದೇ ಬಸ್ಸು. ನಮಸ್ಕಾರ ಎಂದರೆ ತಲೆಯಾಡಿಸುತ್ತಿದ್ದರು, ಅಷ್ಟೇ. ಹೀಗಿರಲು ಒಂದು ದಿನ ಬಸ್ಸು ತುಂಬಿ, ಹಿಂದಿನ ಗಾಲಿಯ ಮೇಲಿನ ಸೀಟಿನಲ್ಲಿ ಅವರ ಪಕ್ಕಕ್ಕೇ ಕೂರಬೇಕಾಯಿತು. ಆ ಬಸ್ಸಿನ ಕಿಟಕಿಯ ಗಾಜುಗಳಿಗೆ ರಬ್ಬರಿಲ್ಲ, ಬಾಗಿಲಿಗೆ ಅಗುಳಿಯಿಲ್ಲ. ಸಸ್ತಾಪುರ ಬಂಗ್ಲಾ ದಾಟಿ ಹೆದ್ದಾರಿ ಹಿಡಿದರೆ ಇಡೀ ಬಸ್ಸು ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂತೆ ಮೊರೆಯುತ್ತದೆ. ಆ ಮೊರೆತದ ನಡುವೆ ಪಕ್ಕದಿಂದ ಒಂದು ದನಿ ಬಂತು.

"ನಿನ್ನಿ ನೀವು ಕ್ಲಾಸಿನ್ಯಾಗ ಹಾಡಾಕತ್ತಿದ್ರಲ್ರಿ, ಬಾಜೂಕ ನಮ್ಮ ಲ್ಯಾಬಿನ್ಯಾಗ ಎಲ್ಲಾರೂ ಕೇಳಿದ್ವಿ. ಬಾಟ್ಲ್ಯಾಗಿನ ಹಾವು ಸುದ್ದಾ ಕೇಳ್ಕೋತ ನಿಂತಿತ್ತು."

ಅನುರಾಧಾ ತಿರುಗಿ ನೋಡಿದಳು. ಬ, ದ, ಯಾವುದಕ್ಕೂ ಎಡವದೆ, ಬಾವಿಯ ನೀರು ಕಾಲುವೆಗೆ ಬಿದ್ದಂತೆ ಮಾತು ಹರಿದಿತ್ತು. ಅವರು ಹಾವಿನ ಕತೆಯಿಂದ ಹುಡುಗರ ಕತೆಗೆ, ಅಲ್ಲಿಂದ ಹಕ್ಕಿಯ ಕತೆಗೆ ಹೋದರು. ರಾಜೇಶ್ವರದಲ್ಲಿ ಬಸ್ಸು ನಿಂತು ಇಂಜಿನ್ನು ಬಂದಾಯಿತು. ಅವರೂ ನಡುಮಾತಿನಲ್ಲಿ ಬಾಯಿ ಮುಚ್ಚಿ ಕಿಟಕಿಯಾಚೆ ನೋಡತೊಡಗಿದರು. ಬಸ್ಸು ಹೊರಟದ್ದೇ, ಬಿಟ್ಟ ಮಾತಿನಿಂದಲೇ ಮತ್ತೆ ಹಿಡಿದರು.

"ಹ್ಯಾಂಗ್ ಸರ್ ಇದು?" ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟೆ: "ನನ್ನ ದನಿ ನನಗ ಕೇಳ್ಸಬಾರ್ದ್ರಿ. ಕೇಳಿಸ್ತು ಅಂದ್ರ ತಿದ್ದಾಕ ಹೋಗ್ತೀನಿ. ತಿದ್ದಾಕ ಹೋದೆ, ಸಿಕ್ಕೊಂಡೆ."

ಕಂಡಕ್ಟರ್ ಸಲಾವುದ್ದೀನನಿಗೆ ಇದು ಹಳೆಯ ಸಂಗತಿ. "ಮೇಡಂ, ಡಿಪೋಕ ಹೊಸಾ ಬಸ್ ಬರಾಕತ್ತಾವಂತ. ಗಪ್‌ಚುಪ್ ಓಡ್ತಾವಂತ. ಬಂದ್ರ ನಮ್ಮ ಸರ್ ಪೂರಾ ಮೂಕಾ ಆಗ್ತಾರ ನೋಡ್ರಿ," ಎಂದು ಟಿಕೆಟ್ಟು ಹರಿದು ಕೊಟ್ಟ. ಅಂಬಾದಾಸರು ಎಲ್ಲರಿಗಿಂತ ಜೋರಾಗಿ ನಕ್ಕರು.

ಹೀಗೆ ಆ ಗದ್ದಲದಲ್ಲಿ, ದಿನಕ್ಕಿಷ್ಟು ದಿನಕ್ಕಿಷ್ಟು, ಅನುರಾಧಾಗೆ ಅವರ ಬದುಕು ತಿಳಿಯಿತು. ಸಂಶೋಧನಾಲಯದಲ್ಲಿ ಅವರು ಮಾಡುತ್ತಿದ್ದುದು ಹಕ್ಕಿಯ ತಲೆಯೊಳಗೆ ಹಾಡು ಹೇಗೆ ಇರುತ್ತದೆಂದು ಆಲಿಸುವ ಕೆಲಸ. ಕಿತ್ತಳೆ ಕೊಕ್ಕಿನ, ಹಿಡಿಯೊಳಗೆ ಅಡಗುವಷ್ಟು ಸಣ್ಣ ಫಿಂಚ್ ಹಕ್ಕಿ. ಅದರ ಗಂಡುಮರಿ ಹುಟ್ಟುತ್ತ ಹಾಡನ್ನು ತರುವುದಿಲ್ಲ. ಅಪ್ಪ ಹಾಡುವುದನ್ನು ಎಳೆಯ ದಿನಗಳಲ್ಲಿ ಕೇಳಿ, ತೊದಲಿ, ತನ್ನ ತೊದಲನ್ನು ತಾನೇ ಕೇಳಿ ತಿದ್ದಿಕೊಂಡು ಕಲಿಯುತ್ತದೆ. ಒಂದು ಪ್ರಾಯದ ಮೇಲೆ ಹಾಡು ಗಟ್ಟಿಯಾಗಿಬಿಡುತ್ತದೆ, ಮುಂದೆ ಬದಲಾಗದು. ಕೂದಲಿಗಿಂತ ಸಣ್ಣ ತಂತಿಯನ್ನು ಮಿದುಳಿನ ಒಂದು ಜೀವಕಣದ ಬಳಿಗೆ ಇಳಿಸಿ, ಅದರ ಮಿಡಿತವನ್ನು ಸ್ಪೀಕರಿನಲ್ಲಿ ಕೇಳುತ್ತ ಕೂರುತ್ತಿದ್ದರಂತೆ. ಯಾವುದೋ ಹಕ್ಕಿಯ ಹಾಡು ಹಾಕಿದರೆ ಕಣ ಸುಮ್ಮನಿರುತ್ತದೆ. ಇನ್ನೊಂದರದು ಹಾಕಿದರೂ ಸುಮ್ಮನೆ. ಅಪ್ಪನ ಹಾಡು ಹಾಕಿದರೆ, ಬಿಸಿ ಮಡಕೆಯಲ್ಲಿ ಜೋಳದ ಅರಳು ಸಿಡಿದಂತೆ ಚಟಚಟನೆ ಸಿಡಿಯುತ್ತದೆ. ಅದೇ ಹಾಡನ್ನು ಹಿಂದುಮುಂದು ಮಾಡಿ ಹಾಕಿದರೆ ಮತ್ತೆ ಮೌನ.

"ಅಂದ್ರ ಅಪ್ಪ ತಲ್ಯಾಗ ಒಂದ್ ಜಾಗಾದಾಗ ಕುಂತಿರ್ತಾನ್ರಿ," ಎನ್ನುತ್ತಿದ್ದರು. "ಹಾಡಷ್ಟ ಅಲ್ಲ, ಹಾಡಿನ ತಪ್ಪು ಸುದ್ದಾ. ಒಂದ್ ಗಂಡು ಇತ್ತು, ಕಡೀ ಸ್ವರ ಹಿಡ್ಕೊಂಡು ತ, ತ, ತ ಅಂತ ಉಗ್ಗತಿತ್ತು. ಅದರ ಮರಿನೂ ಹಂಗ ಉಗ್ಗಿದ್ವು."

ಕೊನೆಗೆ ತಂತಿ ಎಲ್ಲಿ ನಿಂತಿತ್ತೆಂದು ನೋಡಲು ಹಕ್ಕಿಯ ತಲೆಯನ್ನೇ ತೆರೆಯಬೇಕಾಗುತ್ತಿತ್ತು. ಆ ಭಾಗ ಬಂದಾಗ, ಬಸ್ಸು ಎಷ್ಟೇ ಮೊರೆಯುತ್ತಿರಲಿ, ಅವರು ಮಾತು ಬೇರೆಡೆಗೆ ಹೊರಳಿಸುತ್ತಿದ್ದರು. ಕೆಲಸ ಮುಗಿದು ಊರಿಗೆ ಬರುವಾಗ ಅಲ್ಲಿ ಉಳಿದಿದ್ದ ಹಕ್ಕಿಗಳನ್ನು ಬೇಡಿ ತಂದರು. ನಾರಾಯಣಪುರದಲ್ಲಿ ಪ್ಯಾಂಗುಟ್ಟುವುದು ಅವುಗಳ ಮರಿಮಕ್ಕಳು.

ಇಷ್ಟು ತಿಳಿದವರು, ತಿಳಿದದ್ದರಿಂದಲೇ, ಬೇರೆ ಯಾರೂ ಮಾಡಲಾರದ ಒಂದು ತಪ್ಪು ಮಾಡಿದರು.

ಮಗಳು ಹುಟ್ಟಿದಳು. ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಸೋದರತ್ತೆ 'ಕುರ್ರ್' ಎಂದು ಊದಿ ಹೆಸರು ಹೇಳಬೇಕು. ಅವಳು ಬಾಗಿ ಊದುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಿ ನಗಬೇಕು. ಅಂಬಾದಾಸರ ತಂಗಿ ಧೂಳಮ್ಮ, ಬೆನ್ನಿಗೆ ಗುದ್ದು ತಿನ್ನುತ್ತ ನಗುತ್ತ, ತನಗೆ ಬಹುದಿನದಿಂದ ಇಷ್ಟವಾಗಿದ್ದ ಹೆಸರನ್ನು ಊದಿಬಿಟ್ಟಳು: ದೀಪಾಲಿ. ಅಣ್ಣನ ನಾಲಗೆಗೆ 'ದ' ಬಾರದೆಂಬುದು ಆ ಗದ್ದಲದಲ್ಲಿ ಯಾರಿಗೂ ನೆನಪಾಗಲಿಲ್ಲ. ಅಂಬಾದಾಸರು ಹೆಸರಿನ ಬಗ್ಗೆ ಬೇಸರಪಡಲಿಲ್ಲ. ಅವರು ನೋಡಿದ್ದು ಬೇರೆ. 'ಕುರ್ರ್' ಎಂದ ಕಡೆಗೆ ಕೂಸು ಕುತ್ತಿಗೆ ಹೊರಳಿಸಿತು. ಕಣ್ಣು ಇನ್ನೂ ನಿಲ್ಲದ ಕೂಸು ಕಿವಿಯಿಂದ ಲೋಕವನ್ನು ಹಿಡಿಯುತ್ತಿತ್ತು. ಕೇಳುವ ಕಾಲ ಶುರುವಾಯಿತು, ಎಂದುಕೊಂಡರು. ಮಡೆಪ್ಪನ ಉಗ್ಗು ತನ್ನ ತಲೆಯಲ್ಲಿ ಕುಳಿತಂತೆ ತನ್ನದು ಇವಳ ತಲೆಯಲ್ಲಿ ಕೂರಬಾರದು. ಅಂದಿನಿಂದ ಮಗಳು ಕೇಳುವಷ್ಟು ದೂರದಲ್ಲಿ ಅವರು ಬಾಯಿ ಬಿಡಲಿಲ್ಲ.

ಹೆಂಡತಿ ಮಹಾನಂದಾ ಚಿಟಗುಪ್ಪದವಳು, ಓದಿದವಳು. "ಉಗ್ಗು ಕೇಳಿ ಬರೂದಲ್ಲಂತ ಡಾಕ್ಟರ್ ಹೇಳ್ಯಾರ. ನೀವ ನನಗ ಹೇಳಿದ್ರಿ ಹಿಂದ," ಎಂದು ವಾದಿಸಿದಳು. ಹೌದು, ಅದು ಅವರಿಗೆ ಗೊತ್ತಿತ್ತು. ಹಕ್ಕಿಯ ಉಗ್ಗು ಬೇರೆ, ಮನುಷ್ಯನ ಉಗ್ಗು ಬೇರೆ ಎಂದು ತಾವೇ ಹುಡುಗರಿಗೆ ಬರೆಸಿದ್ದರು. ಆದರೆ ಚಟಚಟ ಸಿಡಿಯುವ ಆ ಕಣದ ಸದ್ದನ್ನು ವರ್ಷಗಟ್ಟಲೆ ಕೇಳಿದ ಕಿವಿಗೆ, ತಿಳಿದ ಮಾತಿಗಿಂತ ಕೇಳಿದ ಸದ್ದೇ ದೊಡ್ಡದಾಗಿತ್ತು. ಹೆಂಡತಿಯೊಂದಿಗೆ ಮಾತಿದ್ದರೆ ಕುರಿಹಟ್ಟಿಯ ಆಚೆ ಹೋಗಿ ಆಡುತ್ತಿದ್ದರು. ಮಗಳೊಂದಿಗೆ ಮಾತೊಂದನ್ನು ಬಿಟ್ಟು ಉಳಿದುದೆಲ್ಲ ಇತ್ತು: ಎರೆದು ಜಡೆ ಹಾಕುವುದು, ಹೆಗಲ ಮೇಲೆ ಹೊತ್ತು ಗುಡಿ ಸುತ್ತುವುದು, ಗೋಡೆಯ ಮೇಲೆ ಕೈನೆರಳಿನ ಹಕ್ಕಿ ಹಾರಿಸುವುದು, ಕೋಟಿನ ಕಿಸೆಯಿಂದ ಅವಳೇ ನವಣೆ ತೆಗೆದು ಪಂಜರಕ್ಕೆ ಹಾಕುವಾಗ ಹಿಂದೆ ನಿಲ್ಲುವುದು.

ತಾಯಿ ಸಖುಬಾಯಿ ಒಬ್ಬಳೇ ಇದನ್ನು ಸಹಿಸದೆ ಹೋದಳು. "ಏನ್ ದೊಡ್ಡ ಶ್ಯಾಣ್ಯಾ ಆಗೀಯೋ ಅಂಬ್ಯಾ. ಹಕ್ಕಿ ತಲಿ ಸೀಳಿ ಸೀಳಿ ನಿನ್ನ ತಲಿ ಕೆಟ್ಟದ. ನಿಮ್ಮಪ್ಪನೂ ಉಗ್ಗತಿದ್ದ. ಹಂಗಂತ ನಿನ್ನ ಕರೀದ ಬಿಟ್ನೇನು?"

ಇದನ್ನು ಬಸ್ಸಿನಲ್ಲಿ ಹೇಳುವಾಗ ಅಂಬಾದಾಸರು ತಾಯಿಯ ದನಿಯನ್ನು ಅಣಕಿಸಿ ನಗಿಸಿದರು. ಆಮೇಲೆ, ಅಪ್ಪ ಮಡೆಪ್ಪ ಬಯಲಿನ ಆ ಕಡೆಯಿಂದ ಅಂ, ಅಂ, ಅಂಬ್ಯಾ ಎಂದು ಕೂಗಿದರೆ ಕುರಿಗಳೂ ತಲೆ ಎತ್ತುತ್ತಿದ್ದವೆಂದು ಹೇಳಿದರು.

ದೀಪಾಲಿಗೆ ಮಾತು ಬಂತು. ಬಂದದ್ದೇನು, ಮಳೆ ಸುರಿದಂತೆ ಸುರಿಯಿತು. ಅಜ್ಜಿಯ ಬೈಗುಳ, ತಾಯಿಯ ಲಾಲಿ, ಓಣಿಯ ಗಯಾಸುದ್ದೀನ್ ಚಾಚಾನ ಬೋರೆಹಣ್ಣಿನ ಕೂಗು, ಎಲ್ಲವೂ ಅವಳ ಬಾಯಲ್ಲಿ ಹಾಗೆ ಹಾಗೇ. ಅಂಬಾದಾಸರು ಪಂಜರದ ಹಿಂದೆ ಕಾಳು ಹಾಕುವ ನೆವದಲ್ಲಿ ನಿಂತು ಕೇಳುತ್ತಿದ್ದರು. ಒಂದು ಬೆಳಿಗ್ಗೆ ಬಸ್ಸೇರಿದವರೇ, ಹೆದ್ದಾರಿ ಬರುವವರೆಗೂ ತಡೆದುಕೊಂಡಿದ್ದು, ಉಸಿರು ಬಿಗಿಹಿಡಿದವರು ಬಿಟ್ಟಂತೆ ಹೇಳಿದರು: "ಇವತ್ತ ದ ಅಂದ್ಲ್ರಿ! ದ್ವಾಸಿ ಅಂದ್ಲು, ದನ ಅಂದ್ಲು, ದೇವ್ರು ಅಂದ್ಲು. ಒಂದೂ ಅಡಕಲಿಲ್ಲ." ಅಂದು ಅವರು ಸಲಾವುದ್ದೀನನಿಗೆ ಪೇಢೆ ಕೊಟ್ಟರು. ಏತಕ್ಕೆಂದು ಅವನಿಗೆ ತಿಳಿಯಲಿಲ್ಲ. ತಿಂದು, ಆಶೀರ್ವಾದ ಮಾಡಿದ.

"ಈಗರ ಮಾತಾಡ್ರಿ ಸರ್," ಎಂದಳು ಅನುರಾಧಾ.

"ಇನ್ನೊಂದೀಟು. ಹಾಡು ಗಟ್ಟಿ ಆಗ್ಲಿ."

ಗಟ್ಟಿಯಾಗುವುದನ್ನು ಕಾಯುತ್ತ ಅವರು ಆ ಹೆಸರನ್ನು ಅಭ್ಯಾಸ ಮಾಡುತ್ತಿದ್ದರು. ಬಸ್ಸು ಜೋರಾಗಿ ಓಡುವಾಗ ಕಿಟಕಿಯ ಕಡೆ ಮುಖ ಮಾಡಿ ದೀಪಾಲಿ, ದೀಪಾಲಿ ಎನ್ನುತ್ತಿದ್ದುದು, ಗಾಜಿನ ಗಡಗಡದ ಕೆಳಗೆ, ಪಕ್ಕದಲ್ಲಿದ್ದವಳಿಗೆ ಮಾತ್ರ ಕೇಳುತ್ತಿತ್ತು. ಮುಳ್ಳಿರುವ ಹಣ್ಣನ್ನು ನಾಲಗೆಯಿಂದ ತಡವಿ ನೋಡುವ ಎಚ್ಚರ ಆ ದನಿಯಲ್ಲಿತ್ತು.

ಮಗಳು ಅಂಗನವಾಡಿಗೆ ಹೋಗತೊಡಗಿದ ಮೇಲೆ ಒಂದು ಸಂಜೆ. ಮಹಾನಂದಾ ಅವಳನ್ನು ಕರೆದುಕೊಂಡು ತವರಿನಿಂದ ಮರಳುವವಳಿದ್ದಳು. ಚಿಟಗುಪ್ಪದ ಬಸ್ಸಿಗೆ ಹುಮನಾಬಾದಿಗೆ ಬಂದು, ಅಲ್ಲಿಂದ ಎಲ್ಲರೂ ಕೂಡಿ ಕಲ್ಯಾಣಕ್ಕೆ ಹೋಗುವುದೆಂದಿತ್ತು. ಅಂಬಾದಾಸರು, ಅನುರಾಧಾ ಬಸ್‌ಸ್ಟ್ಯಾಂಡಿನ ಕಂಬದ ಬಳಿ ನಿಂತಿದ್ದರು. ಹತ್ತಾರು ಇಂಜಿನ್ನುಗಳು ಒಟ್ಟಿಗೆ ಗುಡುಗುತ್ತಿದ್ದವು. ತಾಯಿ ಚೀಲಗಳನ್ನು ಇಳಿಸಿಕೊಳ್ಳುವಷ್ಟರಲ್ಲಿ ಮಗಳು ಕೈಬಿಡಿಸಿಕೊಂಡು, ಪೇರಲದ ಬುಟ್ಟಿ ಹೊತ್ತ ಹೆಂಗಸೊಬ್ಬಳ ಹಿಂದೆ ಜನರ ನಡುವೆ ನಡೆದಳು. ಅಂಬಾದಾಸರು ನೋಡಿದರು. ಯೋಚಿಸಲು ಹೊತ್ತಿರಲಿಲ್ಲ.

"ದೀಪಾಲಿ!"

ಹೆಸರು ಇಡಿಯಾಗಿ ಬಂತು. ಒಂದು ಬಿರುಕಿಲ್ಲ. ಅವರ ಮುಖದಲ್ಲೇ ಬೆರಗು ಕಂಡಿತು, ಆ ಬೆರಗಿನ ಸಂತೋಷದಲ್ಲಿ ಇನ್ನೊಮ್ಮೆ, ಇನ್ನೂ ಎತ್ತರದ ದನಿಯಲ್ಲಿ, "ದೀಪಾಲೀ!" ಎಂದು ಕರೆದರು. ಪೇರಲದ ಹೆಂಗಸು ತಿರುಗಿದಳು. ತಂಬಾಕಿಗೆ ಸುಣ್ಣ ತಿಕ್ಕುತ್ತಿದ್ದ ಮುದುಕ ತಿರುಗಿದ. ಮಗಳು ತಿರುಗಲಿಲ್ಲ, ನಡೆದೇ ನಡೆದಳು. ಆಗ ಮಹಾನಂದಾ, ಅಷ್ಟು ದೂರದಿಂದ, ಏನೂ ಜೋರಿಲ್ಲದೆ, "ದೀಪೂ," ಅಂದಳು. ಅದೇ ಗದ್ದಲದಲ್ಲಿ ಆ ಕುತ್ತಿಗೆ ತಟ್ಟನೆ ಹೊರಳಿತು.

ಓಡಿ ಬಂದು ಅಪ್ಪನ ಕಾಲು ತಬ್ಬಿ, ಕೋಟಿನ ಕಿಸೆಗೆ ಕೈ ಹಾಕಿದಳು. ಮಹಾನಂದಾ ಗದರಿಸಿದಳು: "ಅಪ್ಪ ಅಷ್ಟ್ ಕರ್ಯಾಕತ್ತಾರ, ಕೇಳ್ಸಲಿಲ್ಲೇನ ನಿನಗ?"

"ಯಾರೋ ಒದರಾಕತ್ತಿದ್ರು," ಅಂದಳು ದೀಪಾಲಿ, ನವಣೆ ಎಣಿಸುವ ಲಕ್ಷ್ಯದಲ್ಲಿ. "ಅಪ್ಪ ಅಲ್ಲ." ಆಮೇಲೆ ತಲೆಯೆತ್ತಿ, ತಾಯಿ ಅಪ್ಪನ ಮೇಲೆ ಏನೋ ತಪ್ಪು ಹೊರಿಸುತ್ತಿದ್ದಾಳೆಂಬಂತೆ, ಅವನ ಪರವಾಗಿ ಹೇಳಿದಳು: "ಅಪ್ಪಗ ಮಾತು ಬರಂಗಿಲ್ಲಲ್ಲವ್ವಾ."

ಮಹಾನಂದಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಂಬಾದಾಸರು ಬಾಗಿ ಮಗಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು; ಅವಳು ಅವರ ಕೂದಲು ಹಿಡಿದು, ಕಲ್ಯಾಣದ ಬಸ್ಸು ಯಾವುದೆಂದು ಎಲ್ಲರಿಗೂ ಕೂಗಿ ಹೇಳುತ್ತ ಹೋದಳು.

ಆಮೇಲೆ ಎಷ್ಟೋ ದಿನ ಬಸ್ಸು ಮೊರೆದರೂ ಅವರು ಮಾತಾಡಲಿಲ್ಲ. ಸಲಾವುದ್ದೀನ ಒಮ್ಮೆ, "ಏನ್ರಿ ಸರ್, ಹೊಸಾ ಬಸ್ ಇನ್ನಾ ಬಂದಿಲ್ಲಲ್ಲ," ಎಂದು ಕೆಣಕಿ, ಮುಖ ನೋಡಿ ಮುಂದಿನ ಸೀಟಿನವರ ಟಿಕೆಟ್ಟಿಗೆ ಹೋದ. ಅನುರಾಧಾಗೆ ಕಂಡದ್ದು ಇಷ್ಟು: ತಮ್ಮ ಕೊರತೆ ತಮ್ಮವರಿಗೆ ತಾಗದಿರಲೆಂದು ತಮ್ಮನ್ನೇ ಮನೆಯ ಹೊರಗಿಟ್ಟುಕೊಳ್ಳುವವರು ಈ ಲೋಕದಲ್ಲಿ ಒಬ್ಬಿಬ್ಬರಲ್ಲ. ಕುಡಿದ ದಿನ ಮನೆಗೆ ಬಾರದೆ ಜಗಲಿಯಲ್ಲಿ ಮಲಗುವವರಿದ್ದಾರೆ. ಸಿಟ್ಟಿಗೆ ಹೆದರಿ ಮಕ್ಕಳನ್ನು ಮುಟ್ಟದ ತಾಯಂದಿರಿದ್ದಾರೆ. ಪ್ರೀತಿಯೆಂದರೆ ಕೊಡುವುದೆಂದು ಉಳಿದವರು ಬಲ್ಲರು. ಇವರಿಗೆ ಅದು ತಡೆಹಿಡಿಯುವುದು, ಆ ತಡೆಹಿಡಿಯುವುದರಲ್ಲಿ ಇವರು ತೋರುವ ಶ್ರದ್ಧೆ ತಪಸ್ಸಿನಂಥದು. ಆದರೆ ಮಕ್ಕಳು ತಪಸ್ಸನ್ನು ಕಾಣಲಾರರು. ತಮಗೆ ಸಿಕ್ಕಿದ್ದನ್ನಷ್ಟೇ ಅಪ್ಪ ಎಂದು ತಿಳಿದು, ಅದನ್ನೇ ಪ್ರೀತಿಸಿ, ಸಿಗದೆ ಹೋದದ್ದು ಇತ್ತೆಂಬುದನ್ನೂ ಅರಿಯದೆ ಬೆಳೆದುಬಿಡುತ್ತಾರೆ.

ಒಂದು ಸಂಜೆ, ಹುಮನಾಬಾದಿನಿಂದ ಮರಳುವಾಗ, ರಾಜೇಶ್ವರ ದಾಟಿದ ಮೇಲೆ ಅವರೇ ಬಾಯಿಬಿಟ್ಟರು.

"ಹೆಣ್ಣುಮರಿ ಹಾಡಂಗಿಲ್ರಿ."

ಅನುರಾಧಾ ತಿರುಗಿದಳು.

"ಫಿಂಚಿನ್ಯಾಗ ಹೆಣ್ಣು ಹಾಡೂದ ಇಲ್ಲ. ಅಪ್ಪನ ಹಾಡು ಕೇಳ್ತಾವ, ಕಲಿಯಂಗಿಲ್ಲ. ಖಾಲಿ ನೆನಪಿಟ್ಕೋತಾವ. ದೊಡ್ಡು ಆದ್ರೂ ಮರ್ಯಂಗಿಲ್ಲ. ನೂರು ಹಾಡಿನ್ಯಾಗ ಅಪ್ಪಂದು ಯಾವ್ದಂತ ಹೋಗಿ ಅದರ ಬಾಜೂಕ ಕುಂದರ್ತಾವ. ನಾ ಗಂಡುಮರಿದಷ್ಟ ನೋಡಿದ್ದೆ. ನನಗ ಹೆಣ್ಣು ಹುಟ್ಟಿತ್ತು."

ಬಸ್ಸು ಸಸ್ತಾಪುರ ಬಂಗ್ಲಾದಲ್ಲಿ ಹೊರಳಿತು. ಅವರು ಕೋಟಿನ ಕಿಸೆಯಲ್ಲಿ ಕೈಯಿಟ್ಟುಕೊಂಡೇ ಇದ್ದರು.

"ಗಟ್ಟಿಯಾದ ಮ್ಯಾಲ ಕಣ ಹೊಸಾ ದನಿ ಹಿಡೀತಾವೋ ಇಲ್ಲೋ, ಅದೂ ನನಗ ಪಕ್ಕಾ ಗೊತ್ತಿಲ್ರಿ," ಎಂದರು. ಕಲ್ಯಾಣದ ಮನೆಗಳು ಕಾಣತೊಡಗಿದ್ದವು. ಅವರ ಮಾತು ಅವಸರಕ್ಕೆ ಬಿತ್ತು, ಗದ್ದಲ ಮುಗಿಯುವುದರೊಳಗೆ ಹೇಳಿ ಮುಗಿಸಬೇಕೆಂಬಂತೆ. "ಆದ್ರ ಅಕಿ ಇನ್ನಾ ಸಣ್ಣಾಕಿ ಅದಾಳ. ಇವತ್ತ ಮನಿಗಿ ಹೋಗಿ ಬಾಜೂಕ ಕುಂದರಿಸ್ಕೊಂಡು ಕರೀತೀನ್ರಿ. ಉಗ್ಗಿದ್ರ ಉಗ್ಗಲಿ, ನಕ್ರ ನಗಲಿ, ಹೆದರಿದ್ರ ಹೆದರಲಿ. ಅಕಿಗಿ ಮೊದಲ ಇಷ್ಟ ತಿಳೀಬೇಕು, ನಿಮ್ಮಪ್ಪನ ದ, ದ, ದ..."

ಬಸ್ಸು ನಿಂತಿತ್ತು, ಇಂಜಿನ್ನು ಬಂದಾಗಿತ್ತು. ಅವರು ಎದ್ದರು, ಜನರ ನಡುವೆ ಓರೆಯಾಗಿ ದಾರಿ ಮಾಡಿಕೊಂಡು ಇಳಿದರು. ಆ ಒಂದೇ ಅಕ್ಷರವನ್ನು ಬಾಯಲ್ಲಿ ಹಿಡಿದುಕೊಂಡು, ಈ ಸಲ ಅದಕ್ಕೆ ಬದಲಿ ಮಾತು ಹುಡುಕದೆ, ಹಿಂದೆ ನೋಡದೆ, ನಾರಾಯಣಪುರದ ರಸ್ತೆ ಹಿಡಿದು ನಡೆದರು.